650 ರೂಪಾಯಿ ಕಿಟ್‌ನಲ್ಲಿ ನಮ್ಮ ಮೊಲಕ್ಕೆ ಆಗಿಬಂದದ್ದು ಎರಡೂವರೆ ಸಾಮಾನು

ನಮ್ಮ ಮೊಲದ ಹೆಸರು ಪುರಿ. ಬಿಳಿ ಮೈ, ಬೆನ್ನ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ, ಥೇಟ್ ಕಡ್ಲೆಪುರಿ ಚೆಲ್ಲಿದ ಹಾಗೆ. ಹೆಸರಿಟ್ಟವಳು ಮಗಳು. ಎರಡು ವರ್ಷದಿಂದ ತುಮಕೂರಿನ ಬಟವಾಡಿಯ ನಮ್ಮ ಮನೆಯಲ್ಲಿದೆ. ಕಳೆದ ಫೆಬ್ರವರಿಯಲ್ಲಿ ಅದರ ಕೂದಲು ಉದುರೋಕೆ ಶುರುವಾಯಿತು ನೋಡಿ, ಸೋಫಾ ಮೇಲೆ ಕೂದಲು, ಒಣಹಾಕಿದ ಬಟ್ಟೆ ಮೇಲೆ ಕೂದಲು, ಒಂದು ದಿನ ಸಾರಿನಲ್ಲೂ ಸಿಕ್ಕಿತು. ಸಾಕಪ್ಪಾ ಅಂತ ಊರಿನ ಒಂದು ಪೆಟ್ ಶಾಪ್‌ಗೆ ಹೋಗಿ ಬೆಕ್ಕು, ಮೊಲ ಎರಡಕ್ಕೂ ಆಗುತ್ತದೆ ಅಂತ ಬರೆದಿದ್ದ ಗ್ರೂಮಿಂಗ್ ಕಿಟ್ ತಂದೆ. 650 ರೂಪಾಯಿ. ಒಳಗೆ ತಂತಿ ಬ್ರಷ್, ರಬ್ಬರ್ ಗ್ಲೌಸ್, ಸಣ್ಣ ಹಲ್ಲಿನ ಸ್ಟೀಲ್ ಬಾಚಣಿಗೆ, ಉಗುರು ಕಟ್ಟರ್, ಒಂದು ಬಾಟಲಿ ಶಾಂಪೂ. ಕಂಪನಿ ಹೆಸರು ಬೇಡ, ಇಂಥದ್ದೇ ಕಿಟ್ ನಾಲ್ಕೈದು ಹೆಸರಲ್ಲಿ ಬರುತ್ತದೆ. ಏಳೆಂಟು ತಿಂಗಳು ಬಳಸಿ ಬರೆಯುತ್ತಿದ್ದೇನೆ.

ಮೊದಲು ಶಾಂಪೂ ವಿಷಯ. "ವಾರಕ್ಕೊಂದು ಸಲ ಸ್ನಾನ ಮಾಡಿಸಿ ಮೇಡಂ, ಘಮ್ ಅಂತಿರುತ್ತೆ" ಅಂದರು ಅಂಗಡಿಯವರು. ಪುಣ್ಯಕ್ಕೆ ಅದಕ್ಕೂ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿದೆ, ಅವರು ಬೈದದ್ದೊಂದು ಬಾಕಿ. ಮೊಲಕ್ಕೆ ಸ್ನಾನ ಬೇಡವೇ ಬೇಡ. ಅದು ದಿನಕ್ಕೆ ಹತ್ತು ಸಲ ತನ್ನ ಮೈ ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳುತ್ತದೆ. ನೀರಿಗೆ ಇಳಿಸಿದರೆ ಗಾಬರಿಬಿದ್ದು ಒದೆಯುತ್ತದೆ, ಹಿಂಗಾಲಿನ ಬಲ ಎಷ್ಟು ಅಂದರೆ ಒದ್ದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಒಳಗಿನ ಕೂದಲು ದಟ್ಟವಾಗಿರುವುದರಿಂದ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗಿ ಪ್ರಾಣಕ್ಕೇ ಕುತ್ತು. ಆ ಶಾಂಪೂವಿನಲ್ಲಿ ಈಗ ಸ್ಕೂಟರ್ ಒರೆಸುತ್ತಿದ್ದೇನೆ, ಸ್ಕೂಟರ್ ಮಾತ್ರ ಘಮ್ ಅನ್ನುತ್ತಿದೆ.

ತಂತಿ ಬ್ರಷ್ ಕೂಡ ದಂಡ. ನಾಯಿಗೆ ಸರಿ ಇರಬಹುದು. ಮೊಲದ ಚರ್ಮ ತೀರಾ ತೆಳು, ಎರಡು ಸಲ ಎಳೆದದ್ದಕ್ಕೇ ಪುರಿಯ ಪಕ್ಕೆಯಲ್ಲಿ ಕೆಂಪು ಗೀರು ಬಂದು, ಅದು ಆಮೇಲೆ ಎರಡು ದಿನ ನನ್ನನ್ನು ಕಂಡರೆ ಮಂಚದ ಕೆಳಗೆ ಓಡಿತು.

ಇನ್ನು ಆ ಸಣ್ಣ ಹಲ್ಲಿನ ಬಾಚಣಿಗೆ. ಕಿಟ್ ಬಿಚ್ಚಿದಾಗ ನಮ್ಮತ್ತೆ "ಇದು ಸೀರಣಿಗೆ ಅಲ್ವೇನೇ!" ಅಂತ ನಕ್ಕರು. ಹೌದು, ಹೇನು ಬಾಚುವ ಸೀರಣಿಗೆಗೆ ಒಂದು ಹಿಡಿ ಹಚ್ಚಿದ್ದಾರೆ ಅಷ್ಟೇ. ಆದರೆ ಇಡೀ ಕಿಟ್‌ನ ಪ್ರಾಣ ಇದೇ. ಬೆರಳ ತುದಿಯಷ್ಟು ನೀರು ಕೈಗೆ ಸವರಿಕೊಂಡು ಮೊದಲು ಮೈ ನೀವಬೇಕು, ಆಮೇಲೆ ಕೂದಲು ಮಲಗಿದ ಕಡೆಗೇ ಹಗುರವಾಗಿ ಬಾಚಬೇಕು. ಮೊದಲ ದಿನ ಬಂದ ಕೂದಲು ಗುಡ್ಡೆ ಹಾಕಿದರೆ ಇನ್ನೊಂದು ಮರಿ ಮೊಲದಷ್ಟಿತ್ತು.

ಮನೆ ಗಲೀಜಾಗುತ್ತದೆ ಅಂತ ಮಾತ್ರ ಬಾಚುವುದಲ್ಲ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಬೆಕ್ಕು ನುಂಗಿದ ಕೂದಲನ್ನು ಕಕ್ಕುತ್ತದೆ, ಮೊಲ ನುಂಗಿದ್ದು ಹಿಂದಿನಿಂದಲೇ ಹೋಗಬೇಕು. ಆ ಫೆಬ್ರವರಿಯಲ್ಲಿ ಪುರಿಯ ಹಿಕ್ಕೆ ಬಿಡಿಬಿಡಿಯಾಗಿ ಬೀಳದೆ ಕೂದಲಲ್ಲಿ ಪೋಣಿಸಿದ ಮಣಿಸರದ ಹಾಗೆ ನಾಲ್ಕೈದು ಒಟ್ಟಿಗೆ ಬೀಳುತ್ತಿತ್ತು, ಮಗಳು ಕಡ್ಡಿಯಲ್ಲಿ ಎತ್ತಿ "ಅಮ್ಮಾ, ಜಪಮಾಲೆ" ಅಂದಳು. ನಗಬೇಡಿ, ಅದು ಎಚ್ಚರಿಕೆ. ಹೊಟ್ಟೆಯ ಓಟ ನಿಂತು, ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತರೆ ಬೆಳಗ್ಗೆ ನೋಡೋಣ ಅನ್ನದೆ ಡಾಕ್ಟರ ಹತ್ತಿರ ಓಡಬೇಕು. ಆಗ ಕ್ಯಾರೆಟ್ಟು, ಬಾಳೆಹಣ್ಣು ನಿಲ್ಲಿಸಿ ಒಣಹುಲ್ಲು, ಗರಿಕೆ ಜಾಸ್ತಿ ಮಾಡಿದೆ, ದಿನಾ ಬಾಚಿದೆ, ಒಂದು ವಾರದಲ್ಲಿ ಜಪಮಾಲೆ ಕಡಿದು ಮಣಿ ಬಿಡಿಯಾಯಿತು. ಉದುರುವ ಕಾಲ ವರ್ಷಕ್ಕೆ ಮೂರ್ನಾಲ್ಕು ಸಲ ಬರುತ್ತದೆ, ಆಗ ದಿನಾ, ಉಳಿದಂತೆ ವಾರಕ್ಕೊಮ್ಮೆ ಬಾಚಿದರೆ ಸಾಕು. ಉದ್ದ ಕೂದಲಿನ ಅಂಗೋರಾ ತಳಿಯ ಮೊಲ ಸಾಕಿದವರಿಗೆ ಈ ರಿಯಾಯಿತಿ ಇಲ್ಲ.

ಕಟ್ಟರ್ ಚೆನ್ನಾಗಿದೆ, ಕತ್ತರಿ ಥರದ್ದು, ಹರಿತ ಇದೆ. ಮೊಲಕ್ಕೆ ಒಟ್ಟು 18 ಉಗುರು, ಹಿಂದೆ ನಾಲ್ಕು ನಾಲ್ಕು, ಮುಂದೆ ಐದೈದು. ಮುಂಗಾಲಿನ ಐದನೆಯದು ಒಳಬದಿಯಲ್ಲಿ ಕೂದಲೊಳಗೆ ಅಡಗಿರುತ್ತದೆ, ನಾನು ಮೂರು ತಿಂಗಳು ಅದನ್ನು ನೋಡಿರಲೇ ಇಲ್ಲ, ಸುತ್ತಿಕೊಂಡು ಬೆಳೆದಿತ್ತು ಪಾಪ. ಅತ್ತೆ ಟವೆಲ್‌ನಲ್ಲಿ ಕೂಸಿನ ಹಾಗೆ ಸುತ್ತಿ ತೊಡೆ ಮೇಲಿಟ್ಟುಕೊಳ್ಳುತ್ತಾರೆ, ಒಂದೊಂದೇ ಕಾಲು ಹೊರಗೆ. ಅಂಗಾತ ಮಲಗಿಸಬೇಡಿ, ಹಾಗೆ ಸುಮ್ನೆ ಬಿದ್ದಿರುವುದು ಸುಖಕ್ಕಲ್ಲ, ಭಯಕ್ಕೆ. ಬಿಳಿ ಉಗುರಲ್ಲಿ ಗುಲಾಬಿ ನರ ಕಾಣುತ್ತದೆ, ಕಪ್ಪು ಉಗುರಿಗೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟರೆ ನರದ ನೆರಳು ಗೊತ್ತಾಗುತ್ತದೆ, ಅದಕ್ಕಿಂತ ಸ್ವಲ್ಪ ಮುಂದೆ ಕತ್ತರಿಸಬೇಕು. ಒಂದು ಸಲ ತಪ್ಪಿ ರಕ್ತ ಬಂತು, ನನಗೇ ಕೈ ನಡುಗಿತು. ಒಂದು ಚಿಟಿಕೆ ಕಾರ್ನ್ ಫ್ಲೋರ್ ಒತ್ತಿ ಹಿಡಿದ ಮೇಲೆ ನಿಂತಿತು. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಈ ಕೆಲಸ.

ಗ್ಲೌಸ್ ಅರ್ಧ ಮಾರ್ಕು. ಕೂದಲು ಅಷ್ಟೇನೂ ಬರುವುದಿಲ್ಲ, ಆದರೆ ತಲೆ ನೀವಿದ ಹಾಗಾಗಿ ಪುರಿ ಕಣ್ಣು ಮುಚ್ಚಿ ಕೂರುತ್ತದೆ, ಆ ಹೊತ್ತಿಗೆ ಕಿವಿಯೊಳಗೆ ಹುರುಪೆ ಇದೆಯಾ, ಹಿಂಭಾಗ ಒದ್ದೆಯಾಗಿ ಹಿಕ್ಕೆ ಮೆತ್ತಿದೆಯಾ ಅಂತ ನೋಡಿಬಿಡಬಹುದು. ಮಳೆಗಾಲದಲ್ಲಿ ಇದನ್ನು ದಿನಾ ನೋಡಲೇಬೇಕು, ಗಲೀಜಿನ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳುವಾಗಿ ಚರ್ಮ ತಿನ್ನುತ್ತವೆ.

ಇನ್ನೊಂದು ಮಾತು. ಅದೇ ಅಂಗಡಿಯಲ್ಲಿ ಚಿಗಟಕ್ಕೆ ಅಂತ ನಾಯಿಯ ಕುತ್ತಿಗೆಗೆ ಬಿಡುವ ಹನಿ ಔಷಧವನ್ನೂ ಕೊಡಲು ಬಂದರು. ಡಬ್ಬಿ ಮೇಲೆ ಫಿಪ್ರೊನಿಲ್ ಅಂತಿದ್ದರೆ ಮೊಲದ ಹತ್ತಿರ ತರಬೇಡಿ, ಅದಕ್ಕೆ ಅದು ವಿಷ.

ಕಿಟ್ ತಗೊಳ್ಳಬೇಡಿ, ಕಟ್ಟರ್ ಬಿಡಿಯಾಗಿ ಸಿಗುತ್ತದೆ. ಬಾಚಣಿಗೆಗಂತೂ ಎಂ.ಜಿ. ರೋಡಿನ ಯಾವುದಾದರೂ ಫ್ಯಾನ್ಸಿ ಸ್ಟೋರ್‌ನಲ್ಲಿ ಸ್ಟೀಲ್ ಸೀರಣಿಗೆ ಕೇಳಿದರೆ ಆಯಿತು. ಇದನ್ನು ಮನೆಯಲ್ಲಿ ಹೇಳಿದಾಗಿನಿಂದ ಅತ್ತೆ ತಮ್ಮ ಸೀರಣಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಾರೆ.