ಸಾಸಿವೆ, ಮಂಡಕ್ಕಿ, ಹೆಬ್ಬೆರಳು: ಶ್ವಾಸಕೋಶದ ಮೂರು ಬಯಾಪ್ಸಿಗಳು

ಶ್ವಾಸಕೋಶದ ಚೂರು ತೆಗೆಸಿಕೊಳ್ಳುವ ವಿಷಯದಲ್ಲಿ ನಮ್ಮ ಕುಟುಂಬಕ್ಕೆ ಬೇಡದಷ್ಟು ಅನುಭವವಿದೆ. ನನಗೆ ಎರಡು ಬಗೆಯ ಬಯಾಪ್ಸಿ ಆಗಿದೆ, ಚಿತ್ರದುರ್ಗದ ಭಾವನವರಿಗೆ ಮೂರನೆಯದು. ಇಬ್ಬರದೂ ಎರಡೂ ಕಡೆ ಹರಡಿಕೊಂಡ, ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸಿಟಿ) ಸ್ಕ್ಯಾನ್ ನೋಡಿ ಹೆಸರು ಹೇಳಲಾಗದ ಕಾಯಿಲೆ.

ನನ್ನ ಮೊದಲನೆಯದು ದಾವಣಗೆರೆಯಲ್ಲೇ ಆಯಿತು. ಗಂಟಲು ಮರಗಟ್ಟಿಸಿ, ಮೂಗಿನಿಂದ ಬ್ರಾಂಕೋಸ್ಕೋಪ್ ಎಂಬ ಕ್ಯಾಮೆರಾ ನಳಿಕೆ ಇಳಿಸಿ, ಸಣ್ಣ ಚಿಮಟದಲ್ಲಿ ಐದಾರು ಚೂರು ಕಿತ್ತರು. ಒಂದೊಂದೂ ಸಾಸಿವೆ ಕಾಳಿನಷ್ಟು. ಸಂಜೆಗೆ ಮನೆಯಲ್ಲಿದ್ದೆ; ಇಷ್ಟು ಸಲೀಸಾದದ್ದು ಇನ್ನಿಲ್ಲ ಎಂದು ಬೀದಿಯವರಿಗೆಲ್ಲ ಹೇಳಿದ್ದೂ ಆಯಿತು. ಆಮೇಲೆ ವರದಿ ಬಂತು: ಚೂರುಗಳು ಜಜ್ಜಿಹೋಗಿವೆ, ನಿರ್ಣಯ ಸಾಧ್ಯವಿಲ್ಲ. ಸಣ್ಣ ಗಂಟುಗಳಾಗುವ ಸಾರ್ಕಾಯ್ಡೋಸಿಸ್‌ನಂಥದ್ದನ್ನು ಈ ಚಿಮಟ ಹಿಡಿಯಬಲ್ಲದು, ನಾರುಗಟ್ಟುವ ಕಾಯಿಲೆಗಳಲ್ಲಿ ಅದರ ಕೈ ಸಾಗುವುದು ಅಪರೂಪ. ಉತ್ತರ ಕೊಡದ ಪರೀಕ್ಷೆಯನ್ನು ಸುರಕ್ಷಿತ ಎನ್ನಲು ನನಗೆ ಮನಸ್ಸಿಲ್ಲ. ಮುಂದಿನ ಪರೀಕ್ಷೆಯ ಅಪಾಯವನ್ನೂ ಅದು ನನ್ನ ತಲೆಗೇ ಕಟ್ಟಿತು.

ಆ ಮುಂದಿನದು ಬೆಂಗಳೂರಿನಲ್ಲಿ, ಕ್ರಯೋ ಬಯಾಪ್ಸಿ. ಪೂರ್ಣ ಅರಿವಳಿಕೆ ಕೊಟ್ಟು, ಗಂಟಲಿಗೆ ನಳಿಕೆ ಹಾಕಿ ಮಾಡುವಂಥದ್ದು. ತೆಳು ಸಲಾಕೆಯ ತುದಿಯನ್ನು ಅನಿಲದಿಂದ ಕೆಲವೇ ಸೆಕೆಂಡು ತಣ್ಣಗಾಗಿಸಿದರೆ ಅಂಗಾಂಶ ಹೆಪ್ಪುಗಟ್ಟಿ ಅದಕ್ಕೆ ಅಂಟಿಕೊಳ್ಳುತ್ತದೆ. ಬ್ರಾಂಕೋಸ್ಕೋಪನ್ನೂ ಸೇರಿಸಿ ಹೊರಗೆಳೆಯುತ್ತಾರೆ. ಬರುವ ಚೂರು ಮಂಡಕ್ಕಿ ಕಾಳಿನಷ್ಟು, ಜಜ್ಜಿರುವುದಿಲ್ಲ. ತೊಡಕು ಇರುವುದು ಅಲ್ಲೇ: ಸಲಾಕೆ ಹೊರಗಿರುವಾಗ ಒಳಗೆ ರಕ್ತ ಸುರಿದರೆ ನೋಡುವ ಕಣ್ಣಿಲ್ಲ. ಅದಕ್ಕೆಂದೇ ಶ್ವಾಸನಾಳದ ಆ ಕವಲಿನಲ್ಲಿ ಮೊದಲೇ ಬಲೂನು ಇಟ್ಟಿದ್ದು, ಚೂರು ಬಂದೊಡನೆ ಉಬ್ಬಿಸುತ್ತಾರೆ. ಅಂಚಿಗೆ ತೀರಾ ಹತ್ತಿರ ಹೋದರೆ ಹೊದಿಕೆ ಹರಿದು ಎದೆಗೂಡಿಗೆ ಗಾಳಿ ಸೋರುತ್ತದೆ. ನೂರರಲ್ಲಿ ಹತ್ತರ ಆಸುಪಾಸು ಜನರಿಗೆ ಹೀಗಾಗುತ್ತದೆ. ಆ ಹತ್ತರಲ್ಲಿ ನಾನೂ ಒಬ್ಬ. ಪಕ್ಕೆಗೆ ಕೊಳವೆ ಹಾಕಿಸಿಕೊಂಡು ಎರಡು ರಾತ್ರಿ ಮಲಗಿದ್ದೆ. ಆದರೆ ಕಾಯಿಲೆಗೆ ಹೆಸರು ಸಿಕ್ಕಿತು; ಹಕ್ಕಿಗಳ ಹಿಕ್ಕೆ, ಪುಕ್ಕದ ಧೂಳಿಗೆ ಶ್ವಾಸಕೋಶ ಕೆರಳಿ ಬರುವಂಥದ್ದು, ತಾರಸಿಯ ಪಾರಿವಾಳಗಳ ಮೇಲೆ ಬೊಟ್ಟು ಮಾಡಿತು. ಅವನ್ನು ಸಾಕುವ ವಿಷಯ ನಾನೇ ಮೊದಲು ಹೇಳಬೇಕಿತ್ತು.

ಭಾವನವರದು ಶಸ್ತ್ರಚಿಕಿತ್ಸೆ. ಒಂದು ಶ್ವಾಸಕೋಶದ ಉಸಿರಾಟ ನಿಲ್ಲಿಸಿ, ಪಕ್ಕೆಲುಬುಗಳ ನಡುವೆ ರಂಧ್ರ ಮಾಡಿ, ಕ್ಯಾಮೆರಾ ನೋಡುತ್ತ ಹೆಬ್ಬೆರಳ ತುದಿಯಷ್ಟು ತುಂಡು ತೆಗೆದರು. ನಿರ್ಣಯದಲ್ಲಿ ಇದೇ ಮೇಲು. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಕೋಲ್ಡೈಸ್ ಅಧ್ಯಯನದಲ್ಲಿ 65 ರೋಗಿಗಳಿಗೆ ಕ್ರಯೋವನ್ನೂ ಶಸ್ತ್ರಚಿಕಿತ್ಸೆಯನ್ನೂ ಒಟ್ಟಿಗೆ ಮಾಡಿದಾಗ ಅಂಗಾಂಶದ ವರದಿಗಳು ಶೇ 70.8ರಷ್ಟು ಪ್ರಕರಣಗಳಲ್ಲಿ ಹೊಂದಿಕೊಂಡವು. ಆದರೆ ಅಮೆರಿಕದ ಆಸ್ಪತ್ರೆಗಳ ಲೆಕ್ಕದಲ್ಲಿ, ಮೊದಲೇ ದಿನ ಗೊತ್ತುಮಾಡಿ ನಡೆಸಿದ ಶಸ್ತ್ರಚಿಕಿತ್ಸೆಯಲ್ಲಿ ಸಾವು ಶೇ 1.7, ಉಸಿರು ಕಟ್ಟಿ ತುರ್ತಾಗಿ ಬಂದವರಲ್ಲಿ ಶೇ 16. ಹತ್ತು ಪಟ್ಟು ಹತ್ತಿರ! ಕತ್ತಿಗಿಂತ ಅವಸರವೇ ಹೆಚ್ಚು ಕೊಲ್ಲುತ್ತದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಇನ್ನೊಮ್ಮೆ ಆರಿಸಬೇಕಾದರೆ ಚಿಮಟ ಬಿಟ್ಟು ನೇರ ಕ್ರಯೋಗೆ ಹೋಗುತ್ತೇನೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅನುಭವವಿರುವ ಕೇಂದ್ರಗಳಲ್ಲಿ ಅದನ್ನು ಶಸ್ತ್ರಚಿಕಿತ್ಸೆಗೆ ಬದಲಿಯಾಗಿ ಒಪ್ಪಿದೆ. ಅಲ್ಲಿ ಎಷ್ಟು ಮಾಡಿದ್ದಾರೆ, ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆಂದು ಅಳೆಯುವ) ಪರೀಕ್ಷೆಯಲ್ಲಿ ನನ್ನ ಅಂಕಿ ಎಷ್ಟು ಎಂದು ಮೊದಲೇ ಕೇಳುತ್ತೇನೆ; ಅಂಕಿ ತೀರಾ ಇಳಿದಿದ್ದರೆ ಯಾವ ಬಯಾಪ್ಸಿಯೂ ಬೇಡ.

ಭಾವನವರು ಒಪ್ಪುವುದಿಲ್ಲ. "ನನಗೆ ಒಂದೇ ಸಲಕ್ಕೆ ಉತ್ತರ ಬಂತಲ್ಲ" ಎನ್ನುತ್ತಾರೆ, ಎಡಪಕ್ಕೆಯನ್ನು ಒತ್ತಿ ಹಿಡಿದುಕೊಂಡೇ.