ಗರಗಸದ ಮಷೀನಿಗೆ ಪಂಪ್‌ಸೆಟ್ ಸ್ಟಾರ್ಟರ್: ಎಂಟು ತಿಂಗಳ ಅನುಭವ

ಮಳೆಗಾಲದಲ್ಲಿ ನಮ್ಮ ಸಾಗರದ ಕಡೆ ಕರೆಂಟು ಎಷ್ಟು ಸಲ ಹೋಗಿ ಬರುತ್ತದೆ ಅಂತ ಲೆಕ್ಕ ಇಡೋರಿಲ್ಲ. ಕಳೆದ ಜುಲೈನಲ್ಲಿ ಹಲಸಿನ ಹಲಗೆ ಸೀಳುತ್ತಿದ್ದಾಗ ಅರ್ಧಕ್ಕೇ ಹೋಯಿತು. ಸ್ವಿಚ್ ಆರಿಸದೆ, ಸಿಕ್ಕಿಕೊಂಡ ಹಲಗೆ ಬಿಡಿಸಲು ಕೈ ಹಾಕಿದೆ. ಅಷ್ಟರಲ್ಲಿ ಕರೆಂಟು ಬಂತು. ಹಲಗೆ ಬಂದು ಹೊಟ್ಟೆಗೆ ಬಡಿಯಿತು. ಬೆರಳು ಉಳಿದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವಾರವೇ ಡಿ.ಒ.ಎಲ್. (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್ ತಂದೆ. ಅದೇ, ತೋಟದ ಪಂಪ್‌ಸೆಟ್ಟಿಗೆ ಹಾಕುವ ಹಸಿರು, ಕೆಂಪು ಗುಂಡಿಯ ಡಬ್ಬಿ.

ಇದರ ಜೀವ ಇರುವುದು ಒಳಗಿನ ಕಾಂಟ್ಯಾಕ್ಟರ್‌ನಲ್ಲಿ. ಹಸಿರು ಒತ್ತಿದರೆ ಕಾಯಿಲ್ ಅಯಸ್ಕಾಂತವಾಗಿ ಪಾಯಿಂಟುಗಳನ್ನು ಎಳೆದು ಹಿಡಿಯುತ್ತದೆ. ಕರೆಂಟು ಹೋದ ತಕ್ಷಣ ಟಕ್ ಅಂತ ಬಿಟ್ಟುಬಿಡುತ್ತದೆ. ಮತ್ತೆ ಕರೆಂಟು ಬಂದರೂ ನಾವು ಹಸಿರು ಒತ್ತುವ ತನಕ ಮೋಟಾರು ಅಲುಗುವುದಿಲ್ಲ. ತೋಟದಲ್ಲಿ ಇದಕ್ಕೇ ಆಟೋ ಸ್ಟಾರ್ಟರ್ ಸೇರಿಸಿ, ಕರೆಂಟು ಬಂದ ಕೂಡಲೇ ಪಂಪು ತಾನೇ ಓಡಲಿ ಅಂತೀವಿ ಅಲ್ವಾ? ಗರಗಸಕ್ಕೆ ದಯವಿಟ್ಟು ಅದನ್ನು ಹಾಕಬೇಡಿ.

ಅಂಗಡಿಯವರು ಮೊದಲು ತ್ರೀ ಫೇಸಿನ 415 ವೋಲ್ಟ್ ಕಾಯಿಲ್ ಇರುವುದನ್ನು ಕೊಟ್ಟಿದ್ದರು. ಮನೆಯ 230 ವೋಲ್ಟಿಗೆ ಅದು ಸುಮ್ನೆ ಗುಂಯ್ ಅಂದಿತೇ ಹೊರತು ಹಿಡಿಯಲಿಲ್ಲ. ಕಾಯಿಲ್ ಮೇಲಿನ ಅಂಕಿ ನೋಡಿಯೇ ದುಡ್ಡು ಕೊಡಿ.

ಒಳಗಿರುವ ಓವರ್‌ಲೋಡ್ ರಿಲೇ, ಅಂದರೆ ಮೋಟಾರು ಅಳತೆ ಮೀರಿ ಕರೆಂಟು ಎಳೆದರೆ ಕಡಿದುಬಿಡುವ ಭಾಗ ಕೂಡ ಮುಖ್ಯ. ನನ್ನ 1 ಎಚ್.ಪಿ. ಮೋಟಾರಿನ ಮೇಲಿನ ತಗಡಿನ ಪಟ್ಟಿಯಲ್ಲಿ 7.5 ಆಂಪಿಯರ್ ಅಂತಿದೆ, ಡಯಲ್ಲನ್ನೂ ಅಲ್ಲಿಗೇ ತಿರುಗಿಸಿದ್ದೇವೆ. ಒಮ್ಮೆ ಒದ್ದೆ ಮರದಲ್ಲಿ ಬ್ಲೇಡು ಸಿಕ್ಕಿಕೊಂಡಾಗ ಕೆಲವೇ ಸೆಕೆಂಡಿನಲ್ಲಿ ಕರೆಂಟು ಕಡಿದು ಮೋಟಾರು ಉಳಿಸಿತು. ರಿಲೇಯಲ್ಲಿ ಮೂರು ದಾರಿ ಇರುತ್ತವೆ. ಸಿಂಗಲ್ ಫೇಸ್ ಮೋಟಾರಿಗೆ ಕರೆಂಟು ಮೂರನ್ನೂ ಸುತ್ತಿಕೊಂಡು ಹೋಗುವ ಹಾಗೆ ಜೋಡಿಸಬೇಕು. ಇಲ್ಲದಿದ್ದರೆ ಕೆಲವು ರಿಲೇಗಳು ಫೇಸ್ ಹೋಗಿದೆ ಅಂದುಕೊಂಡು ಕಾರಣವಿಲ್ಲದೆ ಕಡಿಯುತ್ತವೆ. ನಾನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ, ಅರ್ತಿಂಗ್ ಸಮೇತ.

ಎರಡು ಕೊರತೆ ಇವೆ. ಕೆಂಪು ಗುಂಡಿ ಚಿಕ್ಕದು, ಎರಡೂ ಕೈಯಲ್ಲಿ ಹಲಗೆ ಹಿಡಿದಾಗ ಒತ್ತೋಕೆ ಆಗಲ್ಲ. ಅದಕ್ಕೇ ಅಣಬೆಯಂಥ ದೊಡ್ಡ ಸ್ಟಾಪ್ ಗುಂಡಿಯೊಂದನ್ನು ಕಾಯಿಲ್ ವೈರಿಗೆ ಸೇರಿಸಿ ಮೇಜಿನ ಕೆಳಗೆ, ಮೊಣಕಾಲು ತಗಲುವಲ್ಲಿ ಕೂರಿಸಿದೆ. ವೈರು ಒಳಹೋಗುವ ತೂತಿಗೆ ರಬ್ಬರ್ ಕೊಟ್ಟಿರಲಿಲ್ಲ. ಮರದ ಹುಡಿ ಪಾಯಿಂಟಿನ ಮಧ್ಯೆ ಕೂತರೆ ಕಷ್ಟ, ಆ ರಬ್ಬರನ್ನೂ ನಾನೇ ಹಾಕಿದೆ.

ಸ್ಟಾರ್ಟರ್ ಕಡಿದರೂ ಬ್ಲೇಡು ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಬ್ಲೇಡು ಬದಲಿಸುವಾಗ ನಾನು ಈಗಲೂ ಪ್ಲಗ್ಗು ಕಿತ್ತು, ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ.