ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿದೆವು: ಯಾವ ಆಪ್‌ಗೆ ದುಡ್ಡು ಕಟ್ಟೋದು, ಯಾವುದನ್ನು ಬಿಡೋದು

2025ರ ಮೇ ಕೊನೆಯ ವಾರ ಮನೆ ಖರ್ಚಿನ ಪುಸ್ತಕ ಬರೆಯೋಕೆ ಕೂತಿದ್ದೆ. ಹಾಲು, ಗ್ಯಾಸ್, ಕೇಬಲ್, ಮಗಳ ಟ್ಯೂಷನ್ ಎಲ್ಲ ಬರೆದಾಯ್ತು. ಆಮೇಲೆ ಬ್ಯಾಂಕಿನ ಮೆಸೇಜ್‌ಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ನಾಲ್ಕು ಆಪ್‌ಗಳಿಗೆ ದುಡ್ಡು ಹೋಗುತ್ತಿತ್ತು. ನೆಟ್‌ಫ್ಲಿಕ್ಸ್ ಬೇಸಿಕ್‌ಗೆ ತಿಂಗಳಿಗೆ 199, ಯೂಟ್ಯೂಬ್ ಪ್ರೀಮಿಯಂಗೆ 149, ಜಿಯೋಹಾಟ್‌ಸ್ಟಾರ್ ಸೂಪರ್‌ಗೆ ಮೂರು ತಿಂಗಳಿಗೆ 299, ಅಮೆಜಾನ್ ಪ್ರೈಮ್‌ಗೆ ವರ್ಷಕ್ಕೆ 1,499. ತಿಂಗಳ ಲೆಕ್ಕಕ್ಕೆ ತಂದರೆ ಹತ್ತಿರ ಹತ್ತಿರ 575 ರೂಪಾಯಿ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಇರೋದು ನಾಲ್ಕೇ ಜನ. ನಾನು, ನಮ್ಮ ಮನೆಯವರು, ಸೆಕೆಂಡ್ ಪಿಯುಸಿ ಓದುವ ಮಗಳು, ಮದ್ದೂರು ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರೋಕೆ ಬಂದ ಅತ್ತೆ. ಇಷ್ಟು ಜನಕ್ಕೆ ಇಷ್ಟೆಲ್ಲ ಬೇಕಾ ಅಂತ ಕೇಳಿದರೆ ಎಲ್ಲರೂ "ನಾನು ನೋಡ್ತೀನಲ್ಲ" ಅಂದರು. ಯಾರು ಎಷ್ಟು ನೋಡುತ್ತಾರೆ ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದೆವು. ಅಡುಗೆಮನೆ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿದ್ದೇವೆ. ಹಾಲು ಎಷ್ಟು ಪ್ಯಾಕೆಟ್ ಬಂತು, ಸಿಲಿಂಡರ್ ಯಾವತ್ತು ಹಾಕಿದ್ದು ಎಲ್ಲ ಅದರಲ್ಲೇ ಬರೆಯೋದು. ಅದೇ ಚೌಕಗಳಲ್ಲಿ ಜೂನ್ 1ರಿಂದ ಆಪ್‌ನ ಮೊದಲ ಅಕ್ಷರವನ್ನೂ ಬರೆಯೋಕೆ ಶುರು ಮಾಡಿದೆವು: ಯೂ, ಹಾ, ಪ್ರೈ, ನೆ. ಅವತ್ತು ಮನೆಯಲ್ಲಿ ಯಾರಾದರೂ ಕನಿಷ್ಠ ಅರ್ಧ ಗಂಟೆ ಆ ಆಪ್ ನೋಡಿದ್ದರೆ ಒಂದು ಗುರುತು. ಸುಮ್ನೆ ತೆರೆದು, ಏನು ನೋಡೋದು ಅಂತ ಹುಡುಕಿ ಮುಚ್ಚಿದರೆ ಗುರುತಿಲ್ಲ. ಮಲಗುವ ಮುಂಚೆ ಬರೆಯೋ ಕೆಲಸ ಮಗಳದ್ದು. ಜೂನ್, ಜುಲೈ, ಆಗಸ್ಟ್, ಒಟ್ಟು 92 ದಿನ.

ಬಂದ ಲೆಕ್ಕ ಹೀಗಿದೆ. ಯೂಟ್ಯೂಬ್ 88 ಗುರುತು. ಹಾಟ್‌ಸ್ಟಾರ್ 31. ಪ್ರೈಮ್ 19. ನೆಟ್‌ಫ್ಲಿಕ್ಸ್ 7. ಮೂರು ತಿಂಗಳಿಗೆ ಕಟ್ಟಿದ ದುಡ್ಡನ್ನು ಗುರುತಿನಿಂದ ಭಾಗಿಸಿದರೆ ಯೂಟ್ಯೂಬ್ ಒಂದು ದಿನಕ್ಕೆ 5 ರೂಪಾಯಿ ಬಿತ್ತು, ಹಾಟ್‌ಸ್ಟಾರ್ 10 ರೂಪಾಯಿ, ಪ್ರೈಮ್ 20, ನೆಟ್‌ಫ್ಲಿಕ್ಸ್ 85. ಹತ್ತಿರ ಹತ್ತಿರ ಎರಡು ಲೀಟರ್ ನಂದಿನಿ ಹಾಲಿನ ದುಡ್ಡು, ಒಂದು ಸಂಜೆ ನೋಡೋಕೆ. ಬೆಲೆಗಳೆಲ್ಲ ನಾವು ಕಟ್ಟಿದಾಗಿನವು, ನೀವು ಕಟ್ಟೋ ಮೊದಲು ಈಗಿನದನ್ನು ನೋಡಿಕೊಳ್ಳಿ.

ಮೊದಲು ಯೂಟ್ಯೂಬ್ ವಿಷಯ, ಯಾಕೆಂದರೆ ಪುಕ್ಕಟೆ ಸಿಗೋದಕ್ಕೆ ದುಡ್ಡು ಯಾಕೆ ಅಂತ ನಾನೇ ಜಾಸ್ತಿ ವಾದ ಮಾಡುತ್ತಿದ್ದೆ. ನಮ್ಮ ಅತ್ತೆಗೆ ಸೋಮವಾರ ಅಂದರೆ ಮಲೆ ಮಾದಪ್ಪ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ದೀಪ ಹಚ್ಚಿ, ಫೋನನ್ನು ಕುಂಕುಮದ ಬಟ್ಟಲಿಗೆ ಒರಗಿಸಿ ಇಟ್ಟು ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಪದ ಹಾಕಿಕೊಳ್ಳುತ್ತಾರೆ. ಒಂದೊಂದು ವಿಡಿಯೋ ಗಂಟೆಗಟ್ಟಲೆ ಇರುತ್ತೆ. ದುಡ್ಡು ಕಟ್ಟದೆ ಇದ್ದಾಗ ಆ ಕಥೆಯಲ್ಲಿ ಸಂಕಮ್ಮನ ಭಾಗ ನಡೆಯುತ್ತಿರುವಾಗಲೇ, ಆಕೆಗೆ ಕಷ್ಟ ಬಂದು ಅತ್ತೆಯ ಕಣ್ಣು ತುಂಬಿರೋ ಹೊತ್ತಿಗೇ, ಯಾವುದೋ ಸಾಲದ ಆಪ್‌ನ ಜಾಹೀರಾತು ಕಿವಿ ಕಿತ್ತು ಹೋಗೋ ಹಾಗೆ ಬರುತ್ತಿತ್ತು. ಕೈಯಲ್ಲಿ ಹೂವು, ಬತ್ತಿ, ಎಣ್ಣೆ. ಸ್ಕಿಪ್ ಒತ್ತೋಕೆ ಆಗಲ್ಲ. "ಇದ್ಯಾಕವ್ವ ಇಂಗ್ ಬಡ್ಕೊತದೆ, ನಿಲ್ಸು ಬಾ" ಅಂತ ಕೂಗುತ್ತಿದ್ದರು. ನಾನು ಒಲೆ ಮೇಲಿನದು ಬಿಟ್ಟು ಓಡಬೇಕಿತ್ತು. ಒಂದು ಪದ ಮುಗಿಯೋದರೊಳಗೆ ನಾಲ್ಕೈದು ಸಲ ಹೀಗೆ.

ಪ್ರೀಮಿಯಂ ಹಾಕಿದ ಮೇಲೆ ಅದು ನಿಂತಿತು. ಇನ್ನೊಂದು ಅನುಕೂಲ ನಾನು ಅಂದುಕೊಂಡಿರದೇ ಇದ್ದದ್ದು: ಫೋನಿನ ಪರದೆ ಆರಿದರೂ ಹಾಡು ನಡೆಯುತ್ತೆ. ಅತ್ತೆ ಫೋನನ್ನು ಸೆರಗಿನಲ್ಲಿ ಸಿಕ್ಕಿಸಿಕೊಂಡು ಅವರೇಕಾಯಿ ಬಿಡಿಸುತ್ತಾ ಕೇಳುತ್ತಾರೆ. ಮಗಳು ಫಿಸಿಕ್ಸ್ ಪಾಠಗಳನ್ನು ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನೋಡುತ್ತಾಳೆ.

ಸೆಪ್ಟೆಂಬರ್‌ನಲ್ಲಿ 89 ರೂಪಾಯಿಯ ಪ್ರೀಮಿಯಂ ಲೈಟ್ ಬಂದಾಗ ಅದಕ್ಕೇ ಇಳಿಯೋಣ ಅಂದುಕೊಂಡೆ. ಷರತ್ತು ಓದಿದ ಮೇಲೆ ಬಿಟ್ಟೆ. ಲೈಟ್‌ನಲ್ಲಿ ಪಾಠ, ಅಡುಗೆ, ಸುದ್ದಿಯಂಥ ವಿಡಿಯೋಗೆ ಜಾಹೀರಾತು ಇರಲ್ಲ, ಆದರೆ ಹಾಡು, ಸಂಗೀತಕ್ಕೆ ಬರಬಹುದು. ನಮ್ಮ ಮನೆಗೆ ಬೇಕಾಗಿದ್ದೇ ಅದು. ನಿಮ್ಮ ಮನೆಯಲ್ಲಿ ಬರೀ ಪಾಠ, ಅಡುಗೆ ವಿಡಿಯೋ ನೋಡೋದಾದರೆ ಲೈಟ್ ಸಾಕು. ಇನ್ನೊಂದು ಮಾತು, ಐಫೋನ್ ಇರೋರು ಆಪ್ ಒಳಗಿಂದ ಕಟ್ಟಬೇಡಿ, ಅಲ್ಲಿ ಬೆಲೆ ಜಾಸ್ತಿ. ಬ್ರೌಸರ್‌ನಲ್ಲಿ ಯೂಟ್ಯೂಬ್ ತೆರೆದು ಕಟ್ಟಿ.

ಹಾಟ್‌ಸ್ಟಾರ್‌ನ 31 ಗುರುತು ಪೂರ್ತಿ ನಮ್ಮ ಮನೆಯವರದ್ದು ಅಂದರೂ ತಪ್ಪಲ್ಲ. ಜೂನ್ 3ರ ಚೌಕದಲ್ಲಿ ಮಗಳು "ಹಾ" ಅಂತ ಕೆಂಪು ಪೆನ್ನಲ್ಲಿ ದಪ್ಪಗೆ ಬರೆದಿದ್ದಾಳೆ. ಅವತ್ತು ಅಹಮದಾಬಾದಿನಲ್ಲಿ ಆರ್‌ಸಿಬಿ 6 ರನ್‌ಗಳಿಂದ ಪಂಜಾಬನ್ನು ಸೋಲಿಸಿ ಕಪ್ ಗೆದ್ದ ದಿನ. 2008ರಿಂದ ಕಾದಿದ್ದ ಕಪ್. ಅದೊಂದು ರಾತ್ರಿಗೇ 299 ಕೊಟ್ಟರೂ ಸಲ್ಲುತ್ತೆ ಅಂದರು ಅವರು, ನಾನು ಎದುರು ಹೇಳಲಿಲ್ಲ, ಯಾಕೆಂದರೆ ನಾನೂ ಅತ್ತು ಕೂಗಾಡಿದ್ದೆ. ಆಮೇಲೆ ಜೂನ್ 20ರಿಂದ ಇಂಗ್ಲೆಂಡ್‌ನಲ್ಲಿ ಐದು ಟೆಸ್ಟ್. ಕೆ.ಎಲ್. ರಾಹುಲ್ ಎರಡು ಶತಕ ಹೊಡೆದ ಸರಣಿ. ಆಗಸ್ಟ್ 4ಕ್ಕೆ ಓವಲ್‌ನಲ್ಲಿ ಸಿರಾಜ್ ಕೊನೆಯ ವಿಕೆಟ್ ಉರುಳಿಸಿ ಗೆದ್ದದ್ದೂ 6 ರನ್‌ಗಳಿಂದಲೇ. ನಮ್ಮ ಕೇಬಲ್ ಪ್ಯಾಕ್‌ನಲ್ಲಿ ಆ ಸರಣಿಯ ಚಾನೆಲ್ ಇರಲಿಲ್ಲ, ಹಾಗಾಗಿ ಆಪ್ ನಿಜವಾಗಿ ಬೇಕಾಯ್ತು.

ಆದರೆ ಟೆಸ್ಟ್ ಮುಗಿದ ಮೇಲೆ ಆಗಸ್ಟ್ ಪೂರ್ತಿ ಎರಡೇ ಗುರುತು. ಕಲರ್ಸ್ ಕನ್ನಡದ ಕಾರ್ಯಕ್ರಮಗಳೂ ಅದರಲ್ಲೇ ಬರುತ್ತವೆ, ಅವನ್ನು ನಾವು ಟಿವಿಯಲ್ಲೇ ನೋಡುತ್ತೇವೆ. ಅಂದರೆ ನಮಗೆ ಇದು ಕ್ರಿಕೆಟ್ ಇದ್ದಾಗ ಬೇಕು, ಇಲ್ಲದಾಗ ಬೇಡ. ಇನ್ನು ಕೆಲವು ಮೊಬೈಲ್ ರೀಚಾರ್ಜ್ ಜೊತೆಗೆ ಹಾಟ್‌ಸ್ಟಾರ್ ಉಚಿತ ಅಂತ ಕೊಡುತ್ತಾರಲ್ವಾ, ಅದು ಸಾಮಾನ್ಯವಾಗಿ ಫೋನಿನಲ್ಲಿ ಮಾತ್ರ ನಡೆಯುವ ಮೊಬೈಲ್ ಪ್ಲಾನ್. ಟಿವಿಗೆ ಹಾಕೋಕೆ ಹೋದರೆ ಮತ್ತೆ ದುಡ್ಡು ಕೇಳುತ್ತೆ. ಒಬ್ಬರೇ ಫೋನಿನಲ್ಲಿ ನೋಡೋರಾದರೆ ಮೊದಲು ನಿಮ್ಮ ರೀಚಾರ್ಜ್‌ನಲ್ಲಿ ಅದು ಇದೆಯಾ ನೋಡಿ, ಎರಡೆರಡು ಸಲ ಕಟ್ಟಬೇಡಿ.

ಪ್ರೈಮ್ ಬಗ್ಗೆ ನನಗೆ ಬೇಜಾರಿದೆ, ಆದರೂ ಬಿಡೋಕೆ ಮನಸ್ಸಿಲ್ಲ. ಬೇಜಾರು ಯಾಕೆಂದರೆ ವರ್ಷದ ದುಡ್ಡು ಮೊದಲೇ ಕಟ್ಟಿದ್ದೇವೆ, ಅರ್ಧದಾರಿಯಲ್ಲಿ ಜೂನ್ 17ರಿಂದ ಸಿನಿಮಾ ಮಧ್ಯೆ ಜಾಹೀರಾತು ಶುರುವಾಯ್ತು. ಅದು ಬೇಡ ಅಂದರೆ ವರ್ಷಕ್ಕೆ ಇನ್ನೂ 699 ಕಟ್ಟಬೇಕು, ಎರಡೂ ಸೇರಿ 2,198. ನಾವು ಕಟ್ಟಲಿಲ್ಲ. ಬಿಡೋಕೆ ಮನಸ್ಸಿಲ್ಲ ಯಾಕೆಂದರೆ ಕನ್ನಡ ಸಿನಿಮಾ ಅಲ್ಲಿ ಜಾಸ್ತಿ ಸಿಗುತ್ತೆ. 2020ರ ಜುಲೈನಲ್ಲಿ ಕೊರೊನಾಕ್ಕೆ ಥಿಯೇಟರ್ ಮುಚ್ಚಿದ್ದಾಗ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಎರಡು ಸಿನಿಮಾ ನೇರವಾಗಿ ಅಲ್ಲೇ ಬಿಡುಗಡೆಯಾದವು, ಅಪ್ಪು ಅವರ ಸಂಸ್ಥೆ ಅಂತ ಆಗಲೇ ನಾವು ಪ್ರೈಮ್ ತಗೊಂಡಿದ್ದು. ಪಾರ್ಸೆಲ್ ಬೇಗ ಬರೋದು ಇನ್ನೊಂದು ಲಾಭ, ಆದರೆ ನಾವು ಮೂರು ತಿಂಗಳಲ್ಲಿ ತರಿಸಿದ್ದೇ ಆರು. ದೇವರಾಜ ಮಾರ್ಕೆಟ್ ಕಡೆ ಹೋದರೆ ಸಿಗೋ ವಸ್ತುಗಳೇ ಅದರಲ್ಲಿ ನಾಲ್ಕು.

ಕನ್ನಡ ಸಿನಿಮಾ ನೋಡೋಕೆ ಅಂತ ಆಪ್ ತಗೊಳ್ಳೋರು ಒಂದು ವಿಷಯ ಗಮನಿಸಿ. ಎಲ್ಲ ಸಿನಿಮಾ ಒಂದೇ ಕಡೆ ಬರಲ್ಲ. "ಸು ಫ್ರಮ್ ಸೋ" ಜುಲೈ 25ಕ್ಕೆ ಥಿಯೇಟರಿಗೆ ಬಂದು ಸೆಪ್ಟೆಂಬರ್ 9ಕ್ಕೆ ಹಾಟ್‌ಸ್ಟಾರ್‌ಗೆ ಬಂತು, ನಮ್ಮ ಪ್ಲಾನ್ ಮುಗಿದು ಹತ್ತು ದಿನಕ್ಕೆ. "ಕಾಂತಾರ ಅಧ್ಯಾಯ 1" ಅಕ್ಟೋಬರ್ 2ಕ್ಕೆ ಥಿಯೇಟರ್, 31ಕ್ಕೆ ಪ್ರೈಮ್. ಅಂದರೆ ಒಂದೂವರೆ ತಿಂಗಳು ಕಾದರೆ ದೊಡ್ಡ ಸಿನಿಮಾ ಎಲ್ಲೋ ಒಂದು ಕಡೆ ಸಿಗುತ್ತೆ. ಇಷ್ಟವಾದದ್ದು ನಾಲ್ಕೈದು ಸೇರಿದ ಮೇಲೆ ಒಂದು ತಿಂಗಳಿಗೆ ಕಟ್ಟಿ ಎಲ್ಲ ನೋಡಿ ಮುಗಿಸಬಹುದು.

ಇನ್ನು ಸಣ್ಣ ತಂಡಗಳ ಕೆಲಸವನ್ನು ಈ ದೊಡ್ಡ ಆಪ್‌ಗಳು ಕೊಳ್ಳುವುದು ಕಡಿಮೆ. "ಏಕಂ" ಅನ್ನೋ ಏಳು ಕಂತುಗಳ ಕರಾವಳಿಯ ಸರಣಿಯನ್ನು ಯಾವ ಆಪ್ ಕೂಡ ತಗೊಳ್ಳದೆ, 2024ರ ಜುಲೈನಲ್ಲಿ ಮಾಡಿದವರೇ ತಮ್ಮ ವೆಬ್‌ಸೈಟ್‌ನಲ್ಲಿ 149 ರೂಪಾಯಿಗೆ ಬಿಟ್ಟರು. ನಾವು ತಗೊಂಡು ನೋಡಿದೆವು. ಒಂದೇ ಸಲ ಕಟ್ಟೋದು, ಪ್ರತಿ ತಿಂಗಳು ಕಟ್ ಆಗೋ ಗೋಳಿಲ್ಲ, ನಮ್ಮ ದುಡ್ಡು ಕನ್ನಡದಲ್ಲಿ ಕೆಲಸ ಮಾಡಿದವರಿಗೇ ಹೋಗುತ್ತೆ. ಇಂಥದ್ದು ಬಂದಾಗ ದಯವಿಟ್ಟು ಕಟ್ಟಿ ನೋಡಿ.

ನೆಟ್‌ಫ್ಲಿಕ್ಸ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಮಗಳು ಕೊರಿಯನ್ ಸರಣಿ ನೋಡಿದಾಗ ಪಕ್ಕ ಕೂತು ನಾನೂ ನೋಡಿದ್ದೇನೆ, ಚೆನ್ನಾಗಿವೆ. 199ರ ಬೇಸಿಕ್‌ನಲ್ಲಿ ಒಂದು ಸಲಕ್ಕೆ ಒಂದೇ ಕಡೆ ನೋಡಬಹುದು, ಆದರೆ ಟಿವಿಯಲ್ಲೂ ಬರುತ್ತೆ. 149ರದ್ದು ಫೋನು, ಟ್ಯಾಬ್‌ಗೆ ಮಾತ್ರ. ನಮ್ಮ ಮನೆಯ ತೊಂದರೆ ಏನೆಂದರೆ ಅಲ್ಲಿ ಕನ್ನಡ ಕಡಿಮೆ. ಅತ್ತೆಗೆ ಸಬ್‌ಟೈಟಲ್ ಓದೋಕಾಗಲ್ಲ. ಯಾವ ಆಪ್ ಆದರೂ ಅಷ್ಟೇ, ದುಡ್ಡು ಕಟ್ಟೋ ಮೊದಲು ನಿಮಗೆ ಬೇಕಾದ ನಾಲ್ಕು ಸಿನಿಮಾ ಹುಡುಕಿ, ಅದರ ಆಡಿಯೋ ಪಟ್ಟಿಯಲ್ಲಿ ಕನ್ನಡ ಇದೆಯಾ ನೋಡಿ. ಇಲ್ಲದಿದ್ದರೆ ಮನೆಯ ಹಿರಿಯರು ಟಿವಿ ಮುಂದೆ ಕೂತು ಬರೀ ಬಣ್ಣ ನೋಡಬೇಕಾಗುತ್ತೆ. ನಮ್ಮ ಅತ್ತೆ ಎರಡು ಸಂಜೆ ಹಾಗೆ ಕೂತು, ಮೂರನೇ ಸಂಜೆ ಮೆಲ್ಲಗೆ ಎದ್ದು ಒಳಗೆ ಹೋದರು. ಅದು ನನಗೆ ತುಂಬ ಬೇಸರವಾಯ್ತು. ಆಗಸ್ಟ್ ಕೊನೆಗೆ ನಿಲ್ಲಿಸಿದೆವು. ನಿಲ್ಲಿಸೋದು ಸುಲಭ, ಕಟ್ಟಿದ ತಿಂಗಳು ಮುಗಿಯುವವರೆಗೂ ನಡೆಯುತ್ತೆ.

ಕ್ಯಾಲೆಂಡರಿನಲ್ಲಿ ಒಂದೂ ಗುರುತು ಇಲ್ಲದ ಐದನೆಯದು ಒಂದಿದೆ, ಗೂಗಲ್ ಒನ್. 100 ಜಿಬಿಗೆ ವರ್ಷಕ್ಕೆ 1,300. ಗೂಗಲ್ ಪುಕ್ಕಟೆ ಕೊಡೋ 15 ಜಿಬಿಯಲ್ಲೇ ಮೇಲ್, ಫೋಟೋ ಎಲ್ಲ ಇರಬೇಕು, ಆಂಡ್ರಾಯ್ಡ್ ಫೋನಿನ ವಾಟ್ಸ್ಯಾಪ್ ಬ್ಯಾಕಪ್ ಕೂಡ ಈಗ ಆ ಲೆಕ್ಕಕ್ಕೇ ಸೇರುತ್ತೆ. ನಮ್ಮದು ತುಂಬಿ ಹೋಗಿತ್ತು. ಅಳಿಸೋಕೆ ಕೂತಾಗ ಮಾವನವರ ವಿಡಿಯೋ ಒಂದು ಸಿಕ್ಕಿತು. ಊರಿನ ಗದ್ದೆ ಬದುವಿನ ಮೇಲೆ ನಿಂತು, ನಾಲೆಗೆ ನೀರು ಬಿಟ್ಟವರೆ, ನಾಳೆ ಬನ್ನಿ ಅಂತ ಮಗನಿಗೆ ಹೇಳೋದು, ಇಪ್ಪತ್ತು ಸೆಕೆಂಡ್ ಅಷ್ಟೇ. ಅವರು ಹೋಗಿ ಮೂರು ವರ್ಷವಾಯ್ತು. ದಿನಕ್ಕೆ ಮೂರೂವರೆ ರೂಪಾಯಿ, ನಾನು ಯೋಚನೆ ಮಾಡದೆ ಕಟ್ಟಿದೆ. ಒಂದು ಹಾರ್ಡ್‌ಡಿಸ್ಕ್‌ಗೂ ಹಾಕಿಟ್ಟಿದ್ದೇವೆ, ನೀವೂ ಹಾಕಿಡಿ.

ದುಡ್ಡು ಕಳೆದುಕೊಂಡ ಕಥೆಯೂ ಇದೆ. ಮಗಳು ಇಂಗ್ಲಿಷ್ ಕಲಿಸುವ ಒಂದು ಆಪ್ ಹಾಕಿಕೊಂಡಿದ್ದಳು, ಹೆಸರು ಬೇಡ. ಏಳು ದಿನ ಉಚಿತ ಅಂತ ಇತ್ತು. ಐದನೇ ದಿನಕ್ಕೆ ಬೇಡ ಅಂತ ಆಪ್ ಅಳಿಸಿದಳು. ಎಂಟನೇ ದಿನ ನನ್ನ ಖಾತೆಯಿಂದ ವರ್ಷದ 1,799 ಹೋಯ್ತು. ಆಪ್ ಅಳಿಸಿದರೆ ಆಟೋಪೇ, ಅಂದರೆ ಖಾತೆಯಿಂದ ತಾನಾಗೇ ದುಡ್ಡು ಕಟ್ ಆಗೋದು, ನಿಲ್ಲಲ್ಲ, ಇದನ್ನು ಎಲ್ಲರಿಗೂ ಹೇಳಿ. ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ, ನನಗೂ ಬಂದಿತ್ತು, ಬೇರೆ ಮೆಸೇಜ್‌ಗಳ ರಾಶಿಯಲ್ಲಿ ನೋಡಿರಲಿಲ್ಲ. ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ 15,000 ರೂಪಾಯಿವರೆಗೆ ಆಮೇಲಿನ ಕಂತುಗಳಿಗೆ ಒಟಿಪಿ ಕೇಳಲ್ಲ. ಈಗ ತಿಂಗಳಿಗೊಮ್ಮೆ ಯುಪಿಐ ಆಪ್‌ನಲ್ಲಿ ಆಟೋಪೇ ಅನ್ನೋ ಜಾಗಕ್ಕೆ ಹೋಗಿ ಯಾವುದಕ್ಕೆಲ್ಲ ಒಪ್ಪಿಗೆ ಇದೆ ನೋಡುತ್ತೇನೆ. ಮೊದಲ ಸಲ ನೋಡಿದಾಗ ನನಗೆ ನೆನಪೇ ಇಲ್ಲದ ಎರಡು ಸಿಕ್ಕವು. ಅಲ್ಲೇ ರದ್ದು ಮಾಡಬಹುದು.

ಪುಕ್ಕಟೆ ಸಿಗೋದನ್ನೂ ಒಂದು ಸಲ ನೋಡಿ. ಪ್ರಸಾರ ಭಾರತಿಯ ವೇವ್ಸ್ ಆಪ್ 2024ರ ನವೆಂಬರ್‌ನಲ್ಲಿ ಬಂತು, ಅತ್ತೆ ಅದರಲ್ಲಿ ಚಂದನ ನೋಡುತ್ತಾರೆ. ನ್ಯೂಸ್ ಆನ್ ಏರ್ ಆಪ್‌ನಲ್ಲಿ ಮೈಸೂರು ಆಕಾಶವಾಣಿ ಬರುತ್ತೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೋ, ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆಲ್ಲ ಹೋಗಿದ್ದು ನಮ್ಮೂರಿಂದಲೇ. ಅಡುಗೆ ಮಾಡುವಾಗ ನನಗೆ ಅದು ಸಾಕು.

ಗಣೇಶನ ಹಬ್ಬ ಆದ ಮೇಲೆ ಯೂಟ್ಯೂಬನ್ನು 299ರ ಫ್ಯಾಮಿಲಿ ಪ್ಲಾನ್‌ಗೆ ಬದಲಾಯಿಸಿದೆವು, ಈಗ ನಾಲ್ಕೂ ಫೋನಿನಲ್ಲಿ ಜಾಹೀರಾತಿಲ್ಲ, ಮಗಳ ಪಾಠದ ಮಧ್ಯೆ ಮಾದಪ್ಪನ ಪದ ಬರೋದೂ ತಪ್ಪಿತು. ಹಾಟ್‌ಸ್ಟಾರ್ ಐಪಿಎಲ್ ಶುರುವಾದಾಗ. ಪ್ರೈಮ್ ವರ್ಷ ಮುಗಿದಾಗ ಮತ್ತೆ ಕೂತು ಮಾತಾಡೋದು. ನೆಟ್‌ಫ್ಲಿಕ್ಸ್‌ಗೆ ಸಿಇಟಿ ಮುಗಿದ ಮೇಲೆ ಒಂದು ತಿಂಗಳು ಅಂತ ಮಗಳಿಗೆ ಮಾತು ಕೊಟ್ಟಿದ್ದೇನೆ. ಹೊಸ ಕ್ಯಾಲೆಂಡರ್ ತಂದ ದಿನವೇ ಅವಳು ಮೇ 1ರ ಚೌಕದಲ್ಲಿ "ನೆ ಕಟ್ಟೋದು" ಅಂತಲೂ, 30ರ ಚೌಕದಲ್ಲಿ "ನೆ ನಿಲ್ಲಿಸೋದು" ಅಂತಲೂ ಬರೆದಿಟ್ಟಿದ್ದಾಳೆ.